ಗೇಟು ತೆಗೆದ ದಿನ

ಸೆಪ್ಟೆಂಬರ್ 8, ಸೋಮವಾರ

ಕಲ್ಲಿನ ಪೆಟ್ಟಿಗೆ ಹೊತ್ತು ಮತ್ತೆ ಮೂರನೇ ಮಹಡಿಗೆ. ಲ್ಯಾಬನ್ನು ಅಷ್ಟು ಮೇಲೆ ಕಟ್ಟಿಸಿದವರು ಜನ್ಮದಲ್ಲಿ ಕಲ್ಲು ಎತ್ತಿರಲಿಕ್ಕಿಲ್ಲ.

ಮೊದಲ ಪೀರಿಯಡ್, ಒಂಬತ್ತನೇ ತರಗತಿ. ಶಿಲೆಗಳ ಶಿಥಿಲೀಕರಣ. ದನಿ ನಡುಗಲಿಲ್ಲ — ಅಷ್ಟರ ಮಟ್ಟಿಗೆ ಗೆದ್ದೆ. ಆದರೆ ಖನಿಜ ಎನ್ನಬೇಕಾದಲ್ಲಿ ಎರಡು ಸಲ ಕಲ್ಲು ಎಂದುಬಿಟ್ಟೆ. ಹಿಂದಿನ ಬೆಂಚಿನಿಂದ ಮೇಡಂ ದನಿ:

"ಕಲ್ಲು ಅಂದ್ರೆ ಯಾವ ಕಲ್ಲಮ್ಮಾ? ಎಸೆಯೋ ಕಲ್ಲೋ, ಎಡವೋ ಕಲ್ಲೋ?"

ಇಡೀ ತರಗತಿ ನಕ್ಕಿತು. ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ.

ಮಕ್ಕಳು ಮೇಡಂಗೆ ಇಟ್ಟಿರುವ ಹೆಸರು ಭೂಕಂಪ. ಭೂವಿಜ್ಞಾನ ಕಲಿಸುವುದಕ್ಕಷ್ಟೇ ಬಂದ ಹೆಸರಲ್ಲ. ಅವರ ಚಪ್ಪಲಿ ಸದ್ದಿಗೆ ಕಾರಿಡಾರು ಖಾಲಿಯಾಗುತ್ತದೆ. ಈ ಶಾಲೆಯಲ್ಲಿ ನನಗೆ ಮಾರ್ಗದರ್ಶಕಿ ಅವರೇ, ನನ್ನ ಅರ್ಧ ಮಾರ್ಕ್ಸ್ ಅವರ ಕೈಯಲ್ಲೇ. ಕಳೆದ ವರ್ಷ ಬೇರೊಂದು ಶಾಲೆಯ ಬೋಧನಾಭ್ಯಾಸದಲ್ಲಿ ಬಾಯಿಂದ ದನಿಯೇ ಹೊರಡದೆ ಫೇಲಾದವಳು ನಾನು. ಇದು ಎರಡನೇ ಸಲ. ಟ್ರೈನಿಂಗ್ ಕಾಲೇಜಿನಲ್ಲಿ ಮೂರನೇ ಸಲ ಎನ್ನುವುದಿಲ್ಲ.

ಸಂಜೆ ಲ್ಯಾಬಿನಲ್ಲಿ ಕೂರಿಸಿಕೊಂಡು ಹೇಳಿದರು: "ದನಿ ಗಂಟಲಿಂದ ತೆಗೀಬೇಡ, ಹೊಟ್ಟೆಯಿಂದ ತೆಗಿ. ಕೊನೇ ಬೆಂಚಲ್ಲಿ ನಿನ್ನ ಅತ್ತೆ ಕೂತಿದ್ದಾಳೆ ಅಂದ್ಕೊ. ಅವಳಿಗೆ ಕೇಳಿಸ್ಬೇಕು."

"ನಂಗೆ ಮದುವೆ ಆಗಿಲ್ಲ ಮೇಡಂ."

"ಅದಕ್ಕೇ ದನಿ ಇಲ್ಲ."

ಸೆಪ್ಟೆಂಬರ್ 11, ಗುರುವಾರ

ಇವತ್ತು ಮೇಡಂ ಪಾಠ ಮಾಡಿದರು. ನಾನು ಹಿಂದಿನ ಬೆಂಚಿನಲ್ಲಿ. ಭೂಕಂಪದ ಅಲೆಗಳು. ಪುಸ್ತಕ ಮುಟ್ಟಲೇ ಇಲ್ಲ. ಒಂದಷ್ಟು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬರ ಹೆಗಲ ಮೇಲೆ ಇನ್ನೊಬ್ಬರ ಕೈ ಇಡಿಸಿದರು. ಕೊನೆಯವನ ಬೆನ್ನಿಗೆ ಒಂದು ತಳ್ಳು — ಸರ್ರನೆ ಆ ತುದಿಗೆ ಹೋಯಿತು. ಅದು ಪಿ ಅಲೆ. ಆಮೇಲೆ ಅವನನ್ನೇ ಹಿಡಿದು ಅಡ್ಡಕ್ಕೆ ತೂಗಿದರು. ಸಾಲು ನಿಧಾನವಾಗಿ ತೊನೆಯಿತು. ಅದು ಎಸ್ ಅಲೆ.

"ಮೊದಲು ಬಂದಿದ್ದು ಯಾವುದು?"

"ತಳ್ಳು!"

"ತೂಗೋದು ಬರೋ ಮುಂಚೆ ಏನ್ ಮಾಡ್ಬೇಕು?"

ಎಲ್ಲರೂ ದಡಬಡನೆ ಬೆಂಚಿನ ಕೆಳಗೆ. ಲಾಯರ್ ಮಾತ್ರ ನಿಂತೇ ಇದ್ದಳು. ಏನು ಹೇಳಿದರೂ ವಾದ ಹೂಡುವ ಹುಡುಗಿ, ತರಗತಿಯವರೇ ಕೊಟ್ಟ ಬಿರುದು. "ಮೇಡಂ, ನೀವೇ ಹೊರಗಿದೀರಲ್ಲ?" ಮೇಡಂ ಟೇಬಲ್ ಕೆಳಗೆ ನುಸುಳಿದರು. ಅಲ್ಲಿಂದಲೇ ಉಳಿದ ಪಾಠ.

ಹೀಗೆ ಕಲಿಸಲು ನನ್ನ ಕೈಲಿ ಯಾವತ್ತಾದರೂ ಆದೀತೆ?

ಸೆಪ್ಟೆಂಬರ್ 17, ಬುಧವಾರ. ಸ್ಟಾಫ್ ರೂಮ್, ಮೂರನೇ ಪೀರಿಯಡ್

ಈಗಷ್ಟೇ ಆದದ್ದು, ಆದ ಹಾಗೇ ಬರೆದಿಡುತ್ತೇನೆ.

ಮೇಡಂ ಒಂಬತ್ತನೇ ತರಗತಿಗೆ ಹೋದರು, ನಾನೂ ಜೊತೆಗೆ ಹೋಗಿ ಬೋರ್ಡಿನ ಪಕ್ಕ ನಿಂತೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿದರು. ಹೆಗಲ ಮೇಲೆ ಕೈ ಇಡಿಸಿದರು. ಕೊನೆಯವನನ್ನು ತಳ್ಳಿದರು. ಅದೇ ಮಾತು, ಅದೇ ನಗು, ಅದೇ ಪ್ರಶ್ನೆ. ಮಕ್ಕಳು ಮೊದಲು ತಮಾಷೆ ಎಂದುಕೊಂಡರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡತೊಡಗಿದರು.

ಲಾಯರ್ ಎದ್ದಳು. "ಮೇಡಂ, ಇದು ಆಗಿದೆ. ಹೋದ ವಾರ."

ಮೇಡಂ ಮುಖದಲ್ಲಿ ಏನೋ ಆರಿಹೋಯಿತು. ಒಂದೇ ಕ್ಷಣ. ಅದನ್ನು ನೋಡಲಾಗದೆ ನನ್ನ ಬಾಯಿ ತಾನಾಗಿ ತೆರೆಯಿತು: "ಇದು ರಿವಿಷನ್. ಎಷ್ಟು ಜನಕ್ಕೆ ನೆನಪಿದೆ ಅಂತ ಮೇಡಂ ನೋಡ್ತಿದಾರೆ."

"ಹ್ಞಾ, ರಿವಿಷನ್" ಎಂದರು ಮೇಡಂ.

ನನ್ನ ದನಿ ಹೊಟ್ಟೆಯಿಂದಲೇ ಬಂದಿತ್ತು. ಕೊನೇ ಬೆಂಚಿಗೂ ಕೇಳಿಸಿತು.

ಸೆಪ್ಟೆಂಬರ್ 18, ಗುರುವಾರ

ಲ್ಯಾಬಿಗೆ ಕರೆದರು. ಬಾಗಿಲು ಹಾಕಿದರು.

"ನಿನ್ನೆ ರಿವಿಷನ್ ಅಂತ ಯಾಕೆ ಹೇಳಿದೆ?"

"ಹಾಗೆ ಅಂದ್ಕೊಂಡೆ ಮೇಡಂ."

"ಹಾಗೇ ಅಂದ್ಕೊ" ಎಂದರು. ಸ್ವಲ್ಪ ಹೊತ್ತು ಸುಣ್ಣಕಲ್ಲಿನ ತುಂಡೊಂದನ್ನು ಕೈಯಲ್ಲಿ ತಿರುಗಿಸುತ್ತಿದ್ದರು. "ನಿನ್ನ ಪಾಠ ಸುಧಾರಿಸಿದೆ. ಒಳ್ಳೇ ರಿಪೋರ್ಟ್ ಕೊಡ್ತೀನಿ."

ಥ್ಯಾಂಕ್ಸ್ ಹೇಳಿ ಹೊರಬಂದೆ. ಮೆಟ್ಟಿಲಿಳಿಯುತ್ತಾ ಅದೇ ಯೋಚನೆ. ಇದು ಹೊಗಳಿಕೆಯೋ, ವ್ಯಾಪಾರವೋ?

ಸೆಪ್ಟೆಂಬರ್ 26, ಶುಕ್ರವಾರ

ಬರೆಯಲು ಮನಸ್ಸಿರಲಿಲ್ಲ. ದಿನಕ್ಕೊಂದು ಸಣ್ಣದು ಆಗುತ್ತಲೇ ಇದೆ. ನನ್ನನ್ನು ಬೇರೆ ಯಾವುದೋ ಹೆಸರಿನಿಂದ ಕರೆದರು, ಹಳೆಯ ಟ್ರೈನೀ ಯಾರದೋ ಇರಬೇಕು. ಎಂಟನೇ ತರಗತಿಗೆ ಹೋಗಬೇಕಾದವರು ಹತ್ತರ ಬಾಗಿಲಲ್ಲಿ ನಿಂತಿದ್ದರು. ನಾನು ಹಿಂದೆ ಹಿಂದೆ ಓಡಾಡಿ ಎಲ್ಲದಕ್ಕೂ ತೇಪೆ ಹಾಕುತ್ತಿದ್ದೇನೆ.

ಊಟಕ್ಕೆ ಕೂತಾಗ ಅಕ್ಕ–ಭಾವನ ಮುಂದೆ ಬಾಯಿಬಿಟ್ಟೆ. ಟ್ರೈನಿಂಗಿಗೆಂದು ಹಳೆಯ ಕೆಲಸ ಬಿಟ್ಟ ಮೇಲೆ ಇವರ ಮನೆಯಲ್ಲೇ ನನ್ನ ವಾಸ. ಭಾವ ಎಲೆಕ್ಟ್ರಿಷಿಯನ್, ಪ್ರಪಂಚವನ್ನೆಲ್ಲ ವೈರಿಂಗ್‌ನಲ್ಲೇ ನೋಡುವವರು.

"ಅಲ್ಲೊಂದು ಇಲ್ಲೊಂದು ಫ್ಯೂಸ್ ಹೋಗ್ತಿದೆ ಅಂದಹಾಗಾಯ್ತು."

"ನಿಮ್ಮ ಬಾಯಿಗೊಂದು ಸ್ವಿಚ್ ಇದ್ದಿದ್ರೆ ಚೆನ್ನಾಗಿತ್ತು" ಎಂದಳು ಅಕ್ಕ. ನನ್ನ ಕಡೆ ತಿರುಗಿ, "ಹೆಡ್ ಮಾಸ್ಟರಿಗೆ ಹೇಳೇ. ಸುಮ್ನೆ ಯಾಕೆ ನಿನ್ನ ತಲೆ ಮೇಲೆ ಎಳ್ಕೋತೀಯ?"

"ಅವರ ರಿಪೋರ್ಟ್ ಬಂದ್ಮೇಲೆ ಹೇಳ್ತೀನಿ."

ಅಕ್ಕ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಬೈದಿದ್ದರೇ ವಾಸಿಯಿತ್ತು.

ಅಕ್ಟೋಬರ್ 7, ಮಂಗಳವಾರ

ಶುಕ್ರವಾರ ಹೊಳೆಗೆ. ಪ್ರತಿ ವರ್ಷ ಮೇಡಂ ಒಂಬತ್ತನೆಯವರನ್ನು ಅಣೆಕಟ್ಟಿನ ಕೆಳಗಿನ ತಿರುವಿಗೆ ಕರೆದೊಯ್ಯುತ್ತಾರಂತೆ. ಹೊಳೆ ಕೊರೆದ ದಡದಲ್ಲಿ ಮಣ್ಣಿನ ಪದರಗಳು ಗೋಡೆಯ ಹಾಗೆ ನಿಂತಿವೆ. ನೀರು ಇಳಿದಾಗ ನಡುವಿನ ಕಲ್ಲುದಿಬ್ಬಕ್ಕೂ ನಡೆದೇ ಹೋಗಬಹುದು, ಪಾದ ಮುಳುಗುವಷ್ಟು ನೀರು.

ಅಣೆಕಟ್ಟಿನ ಗೇಟು ತೆಗೆದರೆ ಮಾತ್ರ ದಿಬ್ಬ ಇರುವುದಿಲ್ಲ. ಅದಕ್ಕೇ ಮೊದಲೇ ಆಫೀಸಿಗೆ ಫೋನ್ ಮಾಡಿ ಹೊತ್ತು ಕೇಳಿಕೊಳ್ಳಬೇಕು. ಆ ಕೆಲಸ ಮೇಡಂದು, ಯಾವಾಗಲೂ.

ಅಕ್ಟೋಬರ್ 9, ಗುರುವಾರ. ಸಂಜೆ

"ಅಣೆಕಟ್ಟಿನ ಆಫೀಸಿಗೆ ಫೋನ್ ಮಾಡಿದ್ರಾ ಮೇಡಂ?"

"ಮಾಡಿದೀನಿ. ಸಂಜೆ ತೆಗೀತಾರಂತೆ."

ಹೇಳುವಾಗ ನನ್ನನ್ನು ನೋಡಲಿಲ್ಲ. ಬಸ್ ಸ್ಟಾಪಿನಲ್ಲಿ ನಿಂತು ನಾನೇ ಫೋನ್ ಮಾಡಿದೆ. ಗುಮಾಸ್ತರು ಎತ್ತಿದರು. ಶಾಲೆಯಿಂದ ಯಾರೂ ಕೇಳಿಲ್ಲವಂತೆ. "ನಾಳೆ ಮಧ್ಯಾಹ್ನ ಊಟದ ಹೊತ್ತಿಗೆ ತೆಗೀತೀವಮ್ಮಾ. ಅದಕ್ಕೆ ಮುಂಚೆ ಸೈರನ್ ಹಾಕ್ತೀವಿ."

ವಾಪಸ್ ಶಾಲೆಗೆ ಓಡಿದೆ. ಮೇಡಂ ಬೀಗ ಹಾಕುತ್ತಿದ್ದರು. ಹೇಳಿದೆ. ಅವರ ಕತ್ತಿನ ನರ ಉಬ್ಬಿತು.

"ನನ್ನ ಹಿಂದೆ ಫೋನ್ ಮಾಡ್ತೀಯಾ? ನೀನು ಹುಟ್ಟೋಕೆ ಮುಂಚಿಂದ ಆ ಹೊಳೆ ಗೊತ್ತು ನಂಗೆ. ಸಂಜೆ ಅಂದ್ರೆ ಸಂಜೆ!"

ಹೆಡ್ ಮಾಸ್ಟರ್ ಕೋಣೆಯಲ್ಲಿ ಇನ್ನೂ ದೀಪ ಉರಿಯುತ್ತಿತ್ತು. ಬಾಗಿಲ ತನಕ ಹೋದೆ. ಒಳಗೆ ಹೋದರೆ ಮೇಡಂ ಕಥೆ ಮುಗಿಯಿತು. ನನ್ನ ರಿಪೋರ್ಟೂ ಮುಗಿಯಿತು. ಮುಂದಿನ ವಾರವೇ ಬರಬೇಕಾದ್ದು...

ತಿರುಗಿ ಬಂದೆ. ಬೆಳಿಗ್ಗೆ ಬೇಗ ಹೊರಡುತ್ತೇವೆ. ಮಧ್ಯಾಹ್ನಕ್ಕೆ ಎಷ್ಟೋ ಮೊದಲು ಮಕ್ಕಳನ್ನು ಮೇಲೆ ಹತ್ತಿಸಿಬಿಡುತ್ತೇನೆ. ಏನೂ ಆಗುವುದಿಲ್ಲ.

ಅಕ್ಟೋಬರ್ 11, ಶನಿವಾರ

ಎಲ್ಲರೂ ಬದುಕಿದ್ದಾರೆ. ಮೊದಲು ಅದನ್ನು ಬರೆದಿಡುತ್ತೇನೆ.

ನಿನ್ನೆ ಬಸ್ಸು ದಾರಿಯಲ್ಲಿ ಪಂಕ್ಚರ್. ಡ್ರೈವರ್ ಸ್ಟೆಪ್ನಿ ಬದಲಿಸುವುದರೊಳಗೆ ನಾನು ಇಟ್ಟುಕೊಂಡಿದ್ದ ಹೊತ್ತೆಲ್ಲ ಕರಗಿತು. ಹೊಳೆ ತಲುಪಿದ ಕೂಡಲೇ ಹೇಳಿದೆ, "ದಡದಿಂದಲೇ ನೋಡೋಣ ಮೇಡಂ." ಅಷ್ಟರಲ್ಲಿ ಅವರು ಚಪ್ಪಲಿ ಕೈಯಲ್ಲಿ ಹಿಡಿದು ನೀರಿಗೆ ಇಳಿದಾಗಿತ್ತು. ಹಿಂದೆಯೇ ಮಕ್ಕಳು, ಬಾತುಕೋಳಿಗಳ ಹಾಗೆ.

ದಿಬ್ಬದ ಮೇಲೆ ಅವರು ಮಾಡಿದ ಪಾಠ... ಅದನ್ನು ಹೇಗೆ ಬರೆಯಲಿ. ಒಂದು ಉರುಟು ಕಲ್ಲು ಎತ್ತಿಕೊಂಡರು. ಅದು ಯಾವ ಬೆಟ್ಟದಲ್ಲಿ ಒಡೆದಿರಬೇಕು, ಮೂಲೆಗಳೆಲ್ಲ ಎಲ್ಲಿ ಸವೆದಿರಬೇಕು, ಎಷ್ಟು ಮಳೆಗಾಲ ಉರುಳಿ ಇಲ್ಲಿ ಕೂತಿರಬೇಕು. ಒಂದು ಪದವನ್ನೂ ಮರೆಯಲಿಲ್ಲ. ಒಂದು ಮಗುವೂ ಮಿಸುಕಲಿಲ್ಲ. ನಾನು ಗಡಿಯಾರ ನೋಡಬೇಕಿತ್ತು. ನೋಡಲಿಲ್ಲ. ಬಾಯಿ ಕಳೆದು ಪಾಠ ಕೇಳುತ್ತಾ ನಿಂತಿದ್ದೆ.

ಸೈರನ್.

"ಯಾವುದೋ ಫ್ಯಾಕ್ಟರಿ ಶಿಫ್ಟ್" ಎಂದರು ಮೇಡಂ, ಪಾಠ ನಿಲ್ಲಿಸದೆ.

"ಅಲ್ಲ ಮೇಡಂ. ಗೇಟು."

"ಫ್ಯಾಕ್ಟರಿ ಅಂದ್ನಲ್ಲ!"

ಅವರ ಮುಂದೆ ಹೋಗಿ ನಿಂತೆ. ಬೆನ್ನು ಅವರಿಗೆ, ಮುಖ ಮಕ್ಕಳಿಗೆ. "ಎಲ್ಲಾರೂ ಕೈ ಕೈ ಹಿಡ್ಕೊಳ್ಳಿ. ದಡಕ್ಕೆ. ಈಗಲೇ. ಚೀಲ ಬಿಡಿ!" ಲಾಯರ್ ಕೂಡ ವಾದ ಮಾಡಲಿಲ್ಲ. ಅವಳೇ ಮುಂದಾಗಿ ಸಾಲು ನಡೆಸಿದಳು. ಕೊನೆಯಲ್ಲಿ ಮೇಡಂ ಕೈ ಹಿಡಿದು ನಾನು. ಬರುವಾಗ ಪಾದದಷ್ಟಿದ್ದ ನೀರು ಮೊಣಕಾಲಿಗೆ ಬಂದಿತ್ತು. ತಿಳಿನೀರು ಕೆಂಪಾಗುತ್ತಿತ್ತು.

ದಡ ಹತ್ತಿದ ಮೇಲೆ ಮೇಡಂ ಎಣಿಸಲು ಶುರು ಮಾಡಿದರು. ಬೆರಳು ತೋರಿಸುತ್ತಾ, ಗಟ್ಟಿಯಾಗಿ. ಹನ್ನೆರಡು, ಹದಿಮೂರು, ಹನ್ನೊಂದು... ಮತ್ತೆ ಒಂದರಿಂದ. ಮತ್ತೆ ತಪ್ಪಿತು. ಆಗ ನನ್ನ ತೋಳು ಹಿಡಿದುಕೊಂಡರು, ಉಗುರು ಇಳಿಯುವ ಹಾಗೆ. "ನೀನು ಎಣಿಸು. ನಂಗಾಗ್ತಿಲ್ಲ. ಎಣಿಸೇ!"

ಎಣಿಸಿದೆ. ಒಂದು ಕಮ್ಮಿ.

ಕನ್ನಡಕದ ಹುಡುಗಿ. ತರಗತಿಯಲ್ಲೇ ಮಾತು ಕಮ್ಮಿ. ದಿಬ್ಬದ ಆ ತುದಿಯ ಪೊದೆ ಹಿಂದೆ ಹೋಗಿದ್ದಳಂತೆ, ಯಾರಿಗೂ ಹೇಳಲು ನಾಚಿಕೆಯಾಗಿ. ಪೊದೆಯಿಂದ ಹೊರಬಂದಾಗ ದಿಬ್ಬದಲ್ಲಿ ಅವಳೊಬ್ಬಳೇ.

ಇಳಿದೆ. ಹೋಗುವಾಗ ನೀರು ತೊಡೆಗೆ, ಬರುವಾಗ ಸೊಂಟಕ್ಕೆ. ಕಾಲಿನ ಕೆಳಗೆ ಕಲ್ಲುಗಳು ಉರುಳುತ್ತಿದ್ದವು. ನನ್ನ ಕುತ್ತಿಗೆಗೆ ಜೋತುಬಿದ್ದವಳು ಒಂದೇ ಸಮನೆ ಸಾರಿ ಮಿಸ್, ಸಾರಿ ಮಿಸ್ ಎನ್ನುತ್ತಿದ್ದಳು. ಒಮ್ಮೆ ಇಬ್ಬರೂ ಬಿದ್ದೆವು. ಡ್ರೈವರ್ ಹಗ್ಗ ಎಸೆದ. ಅವಳ ಕನ್ನಡಕ ಹೊಳೆ ಪಾಲಾಯಿತು. ಅಷ್ಟೇ. ಅಷ್ಟರಲ್ಲೇ ಮುಗಿಯಿತು.

ಹಿಂತಿರುಗಿ ನೋಡಿದಾಗ ದಿಬ್ಬ ಇರಲಿಲ್ಲ.

ಅಕ್ಟೋಬರ್ 14, ಮಂಗಳವಾರ

ಕನ್ನಡಕದ ಹುಡುಗಿಯ ತಂದೆ ಶಾಲೆಗೆ ಬಂದಿದ್ದರು. ಕೂಗಾಡಲಿಲ್ಲ. "ನನ್ನ ಮಗಳು ನಿದ್ದೇಲಿ ಕಿರುಚ್ತಾಳೆ ಸಾರ್" ಎಂದಷ್ಟೇ ಹೇಳಿದರಂತೆ.

ಹೆಡ್ ಮಾಸ್ಟರ್ ನನ್ನನ್ನು ಕರೆಸಿದರು. ಕೂರಲು ಹೇಳಲಿಲ್ಲ. "ಫೋನ್ ಮಾಡೋ ಕೆಲಸ ನಿಮಗೆ ವಹಿಸಿದ್ದೆ ಅಂತಾರೆ ಮೇಡಂ. ನೀವು ಮಾಡಿಲ್ವಂತೆ. ಏನ್ರೀ ಇದು?"

"ನಂಗೆ ಅವರು ಹೇಳಿರ್ಲಿಲ್ಲ ಸರ್."

"ಇಷ್ಟು ವರ್ಷದ ಟೀಚರ್ ಮಾತು ನಂಬ್ಲಾ, ನಿಮ್ಮ ಮಾತು ನಂಬ್ಲಾ? ಸೋಮವಾರ ಟ್ರೈನಿಂಗ್ ಕಾಲೇಜಿಂದ ಸೂಪರ್‌ವೈಸರ್ ಬರ್ತಾರೆ. ಅಲ್ಲೀವರೆಗೆ ತರಗತಿಗೆ ಹೋಗ್ಬೇಡಿ."

ಕಾರಿಡಾರಿನಲ್ಲಿ ಮೇಡಂ ಎದುರಾದರು. ತಲೆ ತಗ್ಗಿಸಿ ಗೋಡೆ ಪಕ್ಕ ಸರಿದುಹೋದರು.

ಮನೆಯಲ್ಲಿ ಅಕ್ಕ ಕಿಡಿಕಿಡಿ. "ನಿನ್ನ ಫೋನಲ್ಲಿ ಇದೆಯಲ್ಲೇ, ನೀನು ಕಾಲ್ ಮಾಡಿದ್ದು! ತೋರಿಸಿ ಮುಖಕ್ಕೆ ಹಿಡಿ!"

ಭಾವ ಈ ಸಲ ತಮಾಷೆ ಮಾಡಲಿಲ್ಲ. "ತೋರಿಸ್ಲಿ. ಫೋನ್ ಮಾಡಿದ್ಲು ಅಂತ ಗೊತ್ತಾಗುತ್ತೆ. ಆಮೇಲೆ ಅವರು ಕೇಳೋದು ಒಂದೇ ಮಾತು — ಗೊತ್ತಿದ್ದೂ ಮಕ್ಕಳನ್ನ ಯಾಕೆ ನೀರಿಗೆ ಇಳಿಸಿದೆ?"

ಅಕ್ಕ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

ಅಕ್ಟೋಬರ್ 16, ಗುರುವಾರ

ಮೇಡಂ ಬೇಕೆಂದೇ ಸುಳ್ಳು ಹೇಳಿದರೋ, ನಿಜವೆಂದೇ ನಂಬಿದ್ದಾರೋ? ಎರಡರಲ್ಲಿ ಯಾವುದಾದರೆ ನನಗೆ ಸಮಾಧಾನ? ಗೊತ್ತಿಲ್ಲ. ಮನಸ್ಸಿನಲ್ಲೇ ಅವರೊಂದಿಗೆ ಜಗಳ ಆಡುತ್ತೇನೆ. ಎಲ್ಲ ಜಗಳದಲ್ಲೂ ನಾನೇ ಗೆಲ್ಲುತ್ತೇನೆ.

ಅಕ್ಟೋಬರ್ 19, ಭಾನುವಾರ

ಬೆಳಿಗ್ಗೆ ಬಟ್ಟೆ ಒಣಹಾಕುತ್ತಿದ್ದೆ. ಗೇಟಿನಲ್ಲಿ ಮೇಡಂ. ಮನೆ ಹುಡುಕಲು ಬೀದಿಯಲ್ಲಿ ಎಲ್ಲರನ್ನೂ ಕೇಳಿಕೊಂಡು ಬಂದಿದ್ದರು. ಕೂದಲು ಸರಿಯಾಗಿ ಬಾಚಿರಲಿಲ್ಲ. ಅವರನ್ನು ಹಾಗೆ ನೋಡಿದ್ದೇ ಇಲ್ಲ.

ಅಕ್ಕನಿಗೆ ಬೈಯುವ ಉದ್ದೇಶವಿತ್ತು. ಮುಖ ನೋಡಿ ಸುಮ್ಮನೆ ಕುರ್ಚಿ ಹಾಕಿದಳು. ಟೀ ತಂದಿಟ್ಟು ಭಾವನನ್ನೂ ಎಳೆದುಕೊಂಡು ಒಳಗೆ ಹೋದಳು.

ಟೀ ಮೇಲೆ ಕೆನೆ ಕಟ್ಟಿತು.

"ಒಂದು ಕೇಳ್ತೀನಿ. ನಿಜ ಹೇಳ್ಬೇಕು ನೀನು."

"ಕೇಳಿ ಮೇಡಂ."

"ಫೋನ್ ಮಾಡು ಅಂತ ನಿಂಗೆ ನಾನು ಹೇಳಿದ್ನಾ, ಇಲ್ವಾ?" ದನಿ ಪಿಸುಮಾತಿಗೆ ಇಳಿದಿತ್ತು. "ಹೆಡ್ ಮಾಸ್ಟರ್ ಕೇಳಿದಾಗ ಹೇಳಿದ್ದೆ ಅಂತ್ಲೇ ಅನ್ನಿಸ್ತು. ನೀನು ತಲೆ ಆಡಿಸಿದ್ದೂ ಕಣ್ಮುಂದೆ ಬಂತು. ಈಗ... ನಂಗೆ ಗೊತ್ತಿಲ್ಲ ಕಣೇ. ನಿಜವಾಗ್ಲೂ ಗೊತ್ತಿಲ್ಲ."

ಇಡೀ ಶಾಲೆಯನ್ನು ನಡುಗಿಸುವ ಹೆಂಗಸು ಪ್ಲಾಸ್ಟಿಕ್ ಕುರ್ಚಿಯ ಅಂಚಿನಲ್ಲಿ ಕೂತು ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ಏನು ಹೇಳಿದರೂ ನಂಬುತ್ತಿದ್ದರು. ಅದಕ್ಕೇ ಭಯವಾಯಿತು.

"ಹೇಳಿಲ್ಲ ಮೇಡಂ. ನಾನಾಗೇ ಮಾಡಿದ್ದು. ಮಧ್ಯಾಹ್ನ ಅಂದ್ರು. ನಿಮಗೆ ಹೇಳಿದೆ. ನೀವು ಬೈದ್ರಿ." ಉಸಿರು ಎಳೆದುಕೊಂಡೆ. "ಆಮೇಲೆ ಹೆಡ್ ಮಾಸ್ಟರ್ ಹತ್ರ ಹೋಗ್ಬೇಕಿತ್ತು. ಹೋಗಲಿಲ್ಲ. ನಿಮ್ಮ ರಿಪೋರ್ಟ್ ಬೇಕಾಗಿತ್ತು ನಂಗೆ."

ಕಣ್ಣು ಮುಚ್ಚಿ ಕೂತರು. ಅಳುತ್ತಾರೇನೋ ಎಂದುಕೊಂಡೆ. ಅಳಲಿಲ್ಲ.

"ಸರಿ" ಎಂದರು. "ನಾಳೆ ನಾನೇ ಹೇಳ್ತೀನಿ, ಎಲ್ಲಾರ ಮುಂದೆ. ನಡುವೆ ಮರೆತ್ರೆ ನೀನು ಹೇಳು. ಮುಲಾಜು ನೋಡ್ಬೇಡ."

ಬಸ್ ಹತ್ತಿಸಿ ಬಂದೆ. ಎಲ್ಲಿ ಇಳಿಯಬೇಕೆಂದು ಕಂಡಕ್ಟರಿಗೂ ಹೇಳಿದೆ. ಅದನ್ನು ಕೇಳಿಸಿಕೊಂಡರೂ ಮೇಡಂ ನನ್ನನ್ನು ಬೈಯಲಿಲ್ಲ.

ಅಕ್ಟೋಬರ್ 20, ಸೋಮವಾರ

ಮೀಟಿಂಗ್. ಮೇಜಿನ ಆಚೆ ಹೆಡ್ ಮಾಸ್ಟರ್, ಸೂಪರ್‌ವೈಸರ್, ಹುಡುಗಿಯ ತಂದೆ. ಈಚೆ ನಾವಿಬ್ಬರು.

ಮೇಡಂ ಎದ್ದು ನಿಂತರು. ಕೂತೇ ಹೇಳಿ ಎಂದರೂ ಕೂರಲಿಲ್ಲ. "ಈ ಹುಡುಗಿಗೆ ನಾನು ಕೆಲಸ ವಹಿಸಿರಲಿಲ್ಲ. ನಾನು ಹೇಳಿದ್ದು ತಪ್ಪು. ನನಗೆ ಕೆಲವು ತಿಂಗಳಿಂದ..." ನಿಂತರು. ಪದ ಹುಡುಕುತ್ತಿದ್ದಾರೆ ಎಂದುಕೊಂಡೆವು. ಹುಡುಕುತ್ತಲೇ ಇದ್ದರು. ಕಿಟಕಿ ನೋಡಿದರು, ಮೇಜು ನೋಡಿದರು. ಕೊನೆಗೆ ನನ್ನನ್ನು ನೋಡಿದರು.

ನಾನು ಎದ್ದೆ. ಎರಡು ಸಲ ಆದ ಪಾಠ. ನನ್ನ 'ರಿವಿಷನ್'. ತೇಪೆಗಳು. ಫೋನ್. ಬಾಗಿಲ ತನಕ ಹೋಗಿ ತಿರುಗಿ ಬಂದದ್ದು. ದಿಬ್ಬದ ಮೇಲೆ ಗಡಿಯಾರ ನೋಡದೆ ನಿಂತದ್ದು. ಏನನ್ನೂ ಬಿಡಲಿಲ್ಲ. ನನ್ನ ಪಕ್ಕದಲ್ಲಿ ಮೇಡಂ ಒಂದೊಂದಕ್ಕೂ ತಲೆಯಾಡಿಸುತ್ತಿದ್ದರು, ಶಿಷ್ಯೆ ಸರಿಯುತ್ತರ ಕೊಟ್ಟಾಗ ಆಡಿಸುವ ಹಾಗೆ. ಅದನ್ನು ನೋಡಿಯೇ ನನ್ನ ದನಿ ಒಡೆಯಿತು.

ಸೂಪರ್‌ವೈಸರ್ ಪೆನ್ನಿನ ಮುಚ್ಚಳ ಹಾಕಿದರು. "ಅಂದ್ರೆ ನಿಮಗೆ ಗೊತ್ತಿತ್ತು."

"ಗೊತ್ತಿತ್ತು ಸರ್."

ಹುಡುಗಿಯ ತಂದೆ ನನ್ನನ್ನೇ ನೋಡುತ್ತಿದ್ದರು. ನೀರಿಗಿಳಿದು ಅವಳನ್ನು ತಂದವಳು ನಾನೇ ಎಂದು ಹೆಡ್ ಮಾಸ್ಟರ್ ಹೇಳಿದರು. "ಅದೂ ಗೊತ್ತು" ಎಂದರು ಅವರು. ಎದ್ದು ಹೋದರು.

ಅಕ್ಟೋಬರ್ 29, ಬುಧವಾರ

ಮೇಡಂ ರಜೆಯಲ್ಲಿದ್ದಾರೆ. ಆಸ್ಪತ್ರೆ, ಪರೀಕ್ಷೆಗಳು, ತಂಗಿಯ ಮನೆ. ನಿನ್ನೆ ಹೋಗಿದ್ದೆ. ನನ್ನ ಹೆಸರು ಸರಿಯಾಗಿ ಹೇಳಿದರು. ಹೇಳಿ, ಪರೀಕ್ಷೆ ಪಾಸಾದವರಂತೆ ನಕ್ಕರು.

ನನ್ನ ಫೈಲು ಟ್ರೈನಿಂಗ್ ಕಾಲೇಜಿನ ಯಾರದೋ ಮೇಜಿನ ಮೇಲಿದೆ. ಫೇಲೋ, ಇನ್ನೊಂದು ಅವಕಾಶವೋ, ತಿಂಗಳಾದರೂ ಆಗುತ್ತದಂತೆ. ಇವತ್ತು ಹೆಡ್ ಮಾಸ್ಟರ್ ಕರೆದರು. ಈ ಸಲ ಕೂರಿಸಿದರು.

"ಒಂಬತ್ತನೆಯವರಿಗೆ ಯಾರೂ ಇಲ್ಲ. ಅಲ್ಲಿಂದ ತೀರ್ಮಾನ ಬರೋವರೆಗೆ ನೀವೇ ತಗೊಳ್ಳಿ. ನಾನು ಹಿಂದಿನ ಬೆಂಚಲ್ಲಿ ಕೂತಿರ್ತೀನಿ." ಫೈಲು ಮುಚ್ಚಿ, "ನಂಬಿಕೆ ಇಟ್ಟು ಕೊಡ್ತಿಲ್ಲ. ಗತಿಯಿಲ್ಲದೆ ಕೊಡ್ತಿದೀನಿ."

"ಸರಿ ಸರ್." ನಿಜಕ್ಕೂ ಸರಿ ಎನಿಸಿತು.

ಹೊರಗೆ ಲಾಯರ್ ಕಾಯುತ್ತಿದ್ದಳು. ಪಕ್ಕದಲ್ಲಿ ಹೊಸ ಕನ್ನಡಕದ ಹುಡುಗಿ.

"ಮಿಸ್, ಒಂದು ಪ್ರಶ್ನೆ. ಅವತ್ತು ನೀರು ಬರುತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

ಮಕ್ಕಳಿಗೆ ಯಾರೂ ಏನೂ ಹೇಳಿಲ್ಲ. ಅವರ ಪಾಲಿಗೆ ನಾನು ಹೊಳೆಗೆ ಇಳಿದ ಮಿಸ್.

"ನಾಳೆ ಕ್ಲಾಸಲ್ಲಿ ಹೇಳ್ತೀನಿ. ಎಲ್ಲರಿಗೂ ಒಟ್ಟಿಗೆ."

"ಪ್ರಾಮಿಸ್?"

"ಪ್ರಾಮಿಸ್."

ಅಕ್ಟೋಬರ್ 30, ಗುರುವಾರ. ಲ್ಯಾಬ್, ಮೊದಲ ಬೆಲ್ಲಿಗೆ ಮುಂಚೆ

ಲೆಸನ್ ಪ್ಲಾನ್ ರೆಡಿ. ಕಣಶಿಲೆಗಳು. ಹೆಡ್ ಮಾಸ್ಟರ್ ಆಗಲೇ ಹೋಗಿ ಕೂತಿದ್ದಾರೆ. ಅಕ್ಕ ಬೆಳಿಗ್ಗೆ, "ಅಷ್ಟೆಲ್ಲ ಯಾಕೆ ಮಕ್ಕಳಿಗೆ? ಪಾಠ ಮಾಡಿ ಬಾ" ಎಂದಳು. ಭಾವ, "ಹೇಳ್ಲಿ ಬಿಡೇ" ಎಂದರು.

ಪಾಠಕ್ಕೆ ಮೊದಲು ಹೇಳುವುದು. ನಡುವೆಯೂ ಅಲ್ಲ, ಕೊನೆಯಲ್ಲೂ ಅಲ್ಲ. ಮೇಡಂ ಕಾಯಿಲೆಯ ಮಾತು ಎತ್ತುವುದಿಲ್ಲ, ಅದು ಅವರದು. ನನ್ನದಷ್ಟೇ. ಮೊದಲ ವಾಕ್ಯ ಸಿದ್ಧವಿದೆ: ಗೊತ್ತಿತ್ತು. ಎರಡನೆಯದು: ಹೇಳಬೇಕಾದವರಿಗೆ ಹೇಳಲಿಲ್ಲ. ಮೂರನೆಯದನ್ನು ಎಷ್ಟು ಸಲ ಬರೆದರೂ ನೆಪದ ಹಾಗೆ ಕೇಳುತ್ತದೆ, ಹೊಡೆದುಹಾಕಿದೆ. ಅವರು ಕೇಳಲಿ. ಲಾಯರ್ ಕೇಳೇ ಕೇಳುತ್ತಾಳೆ. ಯಾಕೆ ಮಿಸ್ ಅಂದರೆ, ಆಗ

ಬೆಲ್.